ಗುಂಪಿಗೆ ಬಿದ್ದ ಆಫರ್ ಲೆಟರ್

ನಮ್ಮ ‘ಮನೆ ಮಂದಿ’ ವಾಟ್ಸಾಪ್ ಗುಂಪಿನಲ್ಲಿ 41 ಜನ. ವಿಜಯಪುರ ಬಿಟ್ಟು ಪುಣೆಗೆ ಬಂದವರು, ಇಲ್ಲಿಂದ ಇನ್ನೂ ದೂರ ಹೋದವರು. ಭಾನುವಾರ ರಾತ್ರಿ ನಡೆದದ್ದನ್ನು ಹಾಗೇ ಇಳಿಸಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆದ ಹಾಗೆ. ಭೋಸರಿ, ಖರಾಡಿ, ಹಿಂಜವಡಿ, ವಾಕಡ್ ಎಲ್ಲ ಪುಣೆಯ ಆಸುಪಾಸಿನ ಜಾಗಗಳು.

ಭೋಸರಿ ಕಾಕಾ: (ಆಫರ್ ಲೆಟರಿನ ಫೋಟೋ) ಪುಟ್ಟನಿಗೆ ಖರಾಡಿಯಲ್ಲಿ ಹೊಸ ಕೆಲಸ. ವರ್ಷಕ್ಕೆ 7.2 ಲಕ್ಷ! ತಿಂಗಳಿಗೆ 60 ಸಾವಿರ ಆಯಿತು. ಎಲ್ಲರೂ ಆಶೀರ್ವಾದ ಮಾಡಿ.

ದೊಡ್ಡವ್ವ: ಒಳ್ಳೆಯದಾಗಲಿ ಕಂದಾ.

ಪುಟ್ಟ: ಅಪ್ಪಾ, ಯಾರನ್ನು ಕೇಳಿ ಹಾಕಿದಿರಿ? ನಾನಿನ್ನೂ ಹೂಂ ಅಂದಿಲ್ಲ. ಕೆಳಗೆ ‘ಯಾರಿಗೂ ತೋರಿಸಬಾರದು’ ಅಂತ ಬೇರೆ ಬರೆದಿದೆ.

ಭೋಸರಿ ಕಾಕಾ: ಮನೆಯವರಿಗೆ ತೋರಿಸಿದೆ, ಊರಿಗಲ್ಲ. ಹೂಂ ಅನ್ನದೆ ಇನ್ನೇನು ಅನ್ನುತ್ತೀ?

ಪುಟ್ಟ: ಜಾಸ್ತಿ ಕೇಳಬೇಕು ಅಂತಿದ್ದೇನೆ.

ಸೊಲ್ಲಾಪುರ ಮಾಮಾ: ಮನೆಗೆ ಬಂದ ಲಕ್ಷ್ಮಿಯ ಹತ್ತಿರ ಚೌಕಾಸಿ ಮಾಡುತ್ತಾರೇನೋ? ಮೊದಲು ಸೇರಿಕೋ. ಕೆಲಸ ನೋಡಿ ಅವರೇ ಕೊಡುತ್ತಾರೆ.

ನಾನು: ಮಾಮಾ, ಅವರೇ ಕೊಟ್ಟದ್ದನ್ನು ನಾನಂತೂ ಇನ್ನೂ ನೋಡಿಲ್ಲ. ಕಾಕಾ, 60 ಸಾವಿರ ಅಂದಿರಲ್ಲ, ಆ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. 72 ಸಾವಿರ ವೇರಿಯಬಲ್, ಅಂದರೆ ಖಾಯಂ ಅಲ್ಲದ ಭಾಗ. ಕೊಟ್ಟರೆ ಕೊಟ್ಟರು. ಬೇಸಿಕ್, ಅಂದರೆ ಮೂಲ ಸಂಬಳ, ತಿಂಗಳಿಗೆ 30 ಸಾವಿರ, ಅದರ 12 ಪರ್ಸೆಂಟ್ ಕಂಪನಿಯ ಪಿಎಫ್ (ಭವಿಷ್ಯ ನಿಧಿ) ಪಾಲು. ವರ್ಷಕ್ಕೆ 43,200. ಅದೂ 7.2ರ ಒಳಗೇ ಇದೆ. ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಅಂತ 17,316 ಸೇರಿಸಿದ್ದಾರೆ. 5 ವರ್ಷ ತುಂಬುವ ಮೊದಲು ಬಿಟ್ಟರೆ ಅದು ಸಿಗುವುದಿಲ್ಲ. ಇಷ್ಟು ತೆಗೆದರೆ ತಿಂಗಳಿಗೆ 48,957. ಅದರಲ್ಲಿ ಪುಟ್ಟನ ಪಾಲಿನ ಪಿಎಫ್ 3,600, ಪ್ರೊಫೆಷನ್ ಟ್ಯಾಕ್ಸ್ 200 ಹೋಗುತ್ತದೆ. ಬ್ಯಾಂಕಿಗೆ ಬೀಳುವುದು 45 ಸಾವಿರದ ಆಸುಪಾಸು. ಫೆಬ್ರುವರಿಯಲ್ಲಿ ಇನ್ನೂ 100 ಕಮ್ಮಿ, ಆ ತಿಂಗಳು ಮಹಾರಾಷ್ಟ್ರದಲ್ಲಿ 300 ಹಿಡಿಯುತ್ತಾರೆ.

(ಇದಾದ ಮೇಲೆ ಆರು ನಿಮಿಷ ಯಾರೂ ಮಾತಾಡಲಿಲ್ಲ. ಕಾಕಾ ‘ಟೈಪಿಂಗ್’ ಅಂತ ತೋರಿಸಿ ತೋರಿಸಿ ನಿಂತರು.)

ಭೋಸರಿ ಕಾಕಾ: ಆದರೂ ಈಗಿನದಕ್ಕಿಂತ ಜಾಸ್ತಿಯೇ ಅಲ್ವಾ?

ಪುಟ್ಟ: ಜಾಸ್ತಿ. ಆದರೆ ಈ 7.2 ಎಲ್ಲಿಂದ ಬಂತು ಗೊತ್ತಾ? ಎಚ್‌ಆರ್ ಮೊದಲ ಫೋನಿನಲ್ಲೇ ‘ಈಗಿನ ಸಿಟಿಸಿ ಎಷ್ಟು’ ಅಂದರು. ಸಿಟಿಸಿ ಅಂದರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ನಾನು 6 ಲಕ್ಷ ಅಂದೆ. ಮೂರು ತಿಂಗಳ ಸಂಬಳದ ಸ್ಲಿಪ್ ತೆಗೆದುಕೊಂಡರು, 20 ಪರ್ಸೆಂಟ್ ಹಾಕಿದರು, ಮುಗಿಯಿತು. ನಾಲ್ಕು ರೌಂಡ್ ಇಂಟರ್ವ್ಯೂ ಯಾಕೆ ಮಾಡಿದರೋ! ಅದೇ ಟೀಮಿನಲ್ಲಿ, ಅದೇ ಕೆಲಸಕ್ಕೆ, ನನ್ನ ಗೆಳೆಯನಿಗೆ 9. ಅವನು ಮೊದಲೇ ದೊಡ್ಡ ಸಂಬಳದಲ್ಲಿದ್ದ, ಅಷ್ಟೇ. ನಾನು 3.6ಕ್ಕೆ ಶುರು ಮಾಡಿದ್ದು ಇನ್ನೂ ಬೆನ್ನು ಬಿಟ್ಟಿಲ್ಲ.

ನಾನು: ನಾನು 2011ರಲ್ಲಿ ಹಿಂಜವಡಿಯಲ್ಲಿ ಸೇರಿದ್ದೇ 3.25ಕ್ಕೆ. ಆಗಿನ ವಾಕಡ್ ಬಾಡಿಗೆ ಎಷ್ಟಿತ್ತು, ಈಗ ಎಷ್ಟಿದೆ!

ಬಾಸ್ಟನ್ ಅಣ್ಣ: ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ 2018ರ ಜುಲೈನಿಂದ ಆಫರ್ ಕೊಡುವ ಮೊದಲು ಹಳೆ ಸಂಬಳ ಕೇಳುವಂತಿಲ್ಲ. 2025ರ ಅಕ್ಟೋಬರ್ ಕೊನೆಯಿಂದ, 25 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿ ಜಾಹೀರಾತಿನಲ್ಲೇ ‘ಇಷ್ಟರಿಂದ ಇಷ್ಟು’ ಅಂತ ಹಾಕಬೇಕು.

ಸೊಲ್ಲಾಪುರ ಮಾಮಾ: ಅಲ್ಲಿಯದು ಅಲ್ಲಿಗೆ. ಇಲ್ಲಿ ಇವನು ಬೇಡ ಅಂದರೆ ಹಿಂದೆ ನೂರು ಜನ ನಿಂತಿದ್ದಾರೆ.

ಪುಟ್ಟ: ಆ ಸಾಲಿನಲ್ಲಿ ನಾನೂ ಎಂಟು ತಿಂಗಳು ನಿಂತಿದ್ದೆ ಮಾಮಾ. ರೆಸ್ಯೂಮೆ ಹಾಕು ಅನ್ನುತ್ತಾರೆ, ಹಾಕಿದ ಮೇಲೆ ಅದರಲ್ಲಿದ್ದದ್ದನ್ನೇ ಮತ್ತೆ ಒಂದೊಂದಾಗಿ ತುಂಬಿಸುತ್ತಾರೆ. ದಿನಾ ಬೆಳಿಗ್ಗೆ ಜಾಬ್ ಸೈಟಿನ ಪ್ರೊಫೈಲಿನಲ್ಲಿ ಒಂದು ಫುಲ್‌ಸ್ಟಾಪ್ ಹಾಕುವುದು, ತೆಗೆಯುವುದು. ಹೊಸದಾಗಿ ಕಾಣಲಿ ಅಂತ. ಒಂದು ಕಡೆ ಮೂರು ರೌಂಡ್ ಆಯಿತು, ‘ಸೋಮವಾರ ಹೇಳುತ್ತೇವೆ’ ಅಂದರು. ಯಾವ ಸೋಮವಾರ ಅಂತ ಹೇಳಲಿಲ್ಲ. ಇನ್ನೊಂದು ಕಡೆ ಎಲ್ಲ ಆದ ಮೇಲೆ ‘ಹಳೆ ಕೆಲಸ ಬಿಡಲು 90 ದಿನ ನೋಟಿಸಾ? ನಮಗೆ 15 ದಿನದಲ್ಲಿ ಬೇಕು’. ಅದು ಮೊದಲ ಸಾಲಿನಲ್ಲೇ ಬರೆದಿದ್ದೆ.

ಭೋಸರಿ ಕಾಕಾ: ಅದಕ್ಕೇ ಹೇಳುತ್ತಿರುವುದು, ಸಿಕ್ಕಿದ್ದನ್ನು ಹಿಡಿ. ಸುಮ್ನೆ ಎಳೆದಾಡಬೇಡ.

ನಾನು: ಕಾಕಾ, ಒಂದು ಮಾತು. ನೀವು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದಾಗ ಮೂರು ವರ್ಷಕ್ಕೊಮ್ಮೆ ಯೂನಿಯನ್ ಕರಾರು ಬರುತ್ತಿತ್ತು. ಗೇಟಿನಲ್ಲಿ ಮೀಟಿಂಗ್ ಅಂತ ನೀವು ರಾತ್ರಿ ಊಟಕ್ಕೂ ಬರುತ್ತಿರಲಿಲ್ಲ. ಅದು ಚೌಕಾಸಿ ಅಲ್ಲವಾ?

ದೊಡ್ಡವ್ವ: ಹೌದು. ಒಮ್ಮೆ ಮೂರು ದಿನ ಡಬ್ಬಿ ನಾನೇ ಗೇಟಿಗೆ ಒಯ್ದು ಕೊಟ್ಟಿದ್ದೆ.

ಭೋಸರಿ ಕಾಕಾ: ಅದು ಬೇರೆ. ನಾವು ಎಲ್ಲರೂ ಕೂಡಿ ಕೇಳುತ್ತಿದ್ದೆವು. ಪಕ್ಕದ ಮಷಿನ್‌ನವನಿಗೆ ಎಷ್ಟು ಅಂತ ನನಗೆ ಗೊತ್ತಿತ್ತು, ನನಗೆ ಎಷ್ಟು ಅಂತ ಅವನಿಗೆ. ಕರಾರಿನ ಕಾಗದ ಬೋರ್ಡಿಗೇ ಅಂಟಿಸುತ್ತಿದ್ದರು. ಇವನು ಒಬ್ಬನೇ ಹೋಗಿ ಕೇಳಬೇಕು. ಒಬ್ಬನೇ ಕೇಳಿದವನ ಗತಿ ಏನಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

(ಕಾಕಾ ಹೆದರಿದ್ದಾರೆ ಅಂತ ನನಗೆ ಆಗ ಗೊತ್ತಾಯಿತು. ಅಲ್ಲಿಯವರೆಗೆ ಅವರು ಹಟ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.)

ನಾನು: ಇವನಿಗೂ ಈಗ ಪಕ್ಕದವನದು ಗೊತ್ತು, ಕಾಕಾ. 9. ಗೆಳೆಯನ ಹೆಸರು ಹೇಳುವುದು ಬೇಡ. ‘ನನ್ನ ಹಳೆ ಸಂಬಳದ ಮೇಲೆ ಲೆಕ್ಕ ಹಾಕಬೇಡಿ, ಈ ಕೆಲಸಕ್ಕೆ ನೀವು ಇಟ್ಟಿರುವುದು ಎಷ್ಟು’ ಅಂತ ಕೇಳಲಿ. ಮೇಲ್‌ನಲ್ಲೇ ಕೇಳಲಿ, ಮರ್ಯಾದೆಯಿಂದ. ವೇರಿಯಬಲ್ ಬಿಟ್ಟು ಖಾಯಂ ಭಾಗ ಎಷ್ಟು ಅಂತಲೂ ಕೇಳಲಿ. ಆಗುವುದಿಲ್ಲ ಅಂದರೆ 7.2 ಬೇಕೋ ಬೇಡವೋ ಆಮೇಲೆ ನೋಡಿದರಾಯಿತು. ಹೊಸ ಪೇಪರ್ ಸಹಿ ಆಗಿ ಕೈಗೆ ಬರುವವರೆಗೆ ಇಲ್ಲಿಯ ರಾಜೀನಾಮೆ ಮಾತ್ರ ಕೊಡಬೇಡ ಪುಟ್ಟ.

ಪುಟ್ಟ: ನಾಳೆ ಬರೆಯುತ್ತೇನೆ ಅಕ್ಕ. 8.5 ಕೇಳಲಾ?

‘ಭೋಸರಿ ಕಾಕಾ ಈ ಸಂದೇಶವನ್ನು ಅಳಿಸಿದ್ದಾರೆ.’

ಭೋಸರಿ ಕಾಕಾ: ಫೋಟೋ ತೆಗೆದೆ. 8.5 ಅಂದರೆ 8ಕ್ಕೆ ನಿಲ್ಲಿಸುತ್ತಾರೆ. 9.5 ಅನ್ನು.

ದೊಡ್ಡವ್ವ: ಅಯ್ಯೋ, ಫೋಟೋ ಯಾಕೆ ತೆಗೆದೆ? ನಾನಿನ್ನೂ ಕನ್ನಡಕ ಹುಡುಕುತ್ತಿದ್ದೆ.