ಡಿಸೆಂಬರ್‌ನಲ್ಲಿ ಜೋಶುವಾ ಟ್ರೀ: ಕರಾವಳಿಯ ಕೈಗೆ ಎಂತ ತಯಾರಿ ಬೇಕು?

ಬಿಕರ್ನಕಟ್ಟೆ_ಬೌಲ್ಡರ್:

ಮಂಗಳೂರಿನಿಂದ ನಾವಿಬ್ಬರು ಡಿಸೆಂಬರ್ ಮೊದಲ ವಾರ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೋಗುವವರು. ಬಂಡೆ ಹತ್ತಲಿಕ್ಕೆ ಸಿಗುವುದು ಆರು ದಿನ. ಬಾದಾಮಿಯಲ್ಲಿ ಬೋಲ್ಟ್ (ಕಲ್ಲಿಗೆ ಮೊದಲೇ ಜಡಿದ ಆಧಾರ) ಇರುವ 6ಬಿ (ಫ್ರೆಂಚ್ ಗ್ರೇಡ್) ಲೀಡ್ ಆಗ್ತದೆ, ಅಂದ್ರೆ ಹಗ್ಗ ಸಿಕ್ಕಿಸುತ್ತಾ ಮುಂದೆ ಹತ್ತುವುದು. ಹಂಪಿಯಲ್ಲಿ ಹಗ್ಗವಿಲ್ಲದೆ ಸಣ್ಣ ಬಂಡೆ ಹತ್ತುವ ಬೌಲ್ಡರಿಂಗ್‌ನಲ್ಲಿ ವಿ4. ಕ್ಯಾಮ್ (ಬಿರುಕಿಗೆ ತೂರಿಸಿದರೆ ಅರಳಿ ಕಚ್ಚುವ ಸ್ಪ್ರಿಂಗ್ ಸಾಧನ) ಹಾಕಿ ಹತ್ತಿದ್ದು ತೀರಾ ಕಡಿಮೆ. ಅಲ್ಲಿಯ ಯಾವ ಗ್ರೇಡಿನಿಂದ ಶುರು ಮಾಡಬೇಕು? ಇಲ್ಲಿಂದ ಎಂತೆಲ್ಲ ಹೊತ್ತುಕೊಂಡು ಹೋಗಬೇಕು, ಎಂತ ಬೇಡ? ಇಲ್ಲಿ ಸೆಕೆಗೆ ಕೈ ಯಾವಾಗಲೂ ಒದ್ದೆ. ಒಣ ಹವೆಗೆ ಹೋದ್ರೆ ಹಿಡಿತ ಸುಲಭ ಆಗ್ಬೇಕಲ್ವ?

ಚಾಕ್‌ಡಬ್ಬಿ_ಉಡುಪಿ:

ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಎರಡನೇ ದಿನಕ್ಕೆ ಕೈ ಮುಗಿದರೆ ಉಳಿದ ನಾಲ್ಕು ದಿನ ಫೋಟೋ ತೆಗೆಯುವುದೇ ಕೆಲಸ.

ಅಲ್ಲಿಯದ್ದು ಮಾಂಜೋಗ್ರಾನೈಟ್, ದಪ್ಪ ಹರಳಿನ ಕಲ್ಲು. ಬಾದಾಮಿಯ ಮರಳುಗಲ್ಲು ಅದರ ಎದುರು ಬೆಣ್ಣೆ. ಮೊದಲ ದಿನ ಹಿಡಿತ ನಿಜಕ್ಕೂ ಸುಲಭ ಅನ್ನಿಸ್ತದೆ, ಮೋಸ ಹೋಗುವುದು ಅಲ್ಲೇ. ಇಲ್ಲಿಯ ತೇವಕ್ಕೆ ಮೆತ್ತಗಾದ ಚರ್ಮವನ್ನು ಆ ಹರಳು ತೆಂಗಿನಕಾಯಿ ತುರಿದ ಹಾಗೆ ತುರಿಯುತ್ತದೆ.

ಬೆವರು ನಿಲ್ಲಿಸಲು ಮೆಥೆನಮೈನ್ ಇರುವ ಕ್ರೀಮ್ ಹಚ್ಚುವ ಅಭ್ಯಾಸ ಉಂಟಾದರೆ ಹೊರಡುವ ಎರಡು ವಾರ ಮೊದಲೇ ಬಿಡಿ. ಮರುಭೂಮಿಯ ಗಾಳಿಯೇ ತೇವ ಹೀರುತ್ತದೆ. ಮೇಲಿಂದ ಈ ಕ್ರೀಮೂ ಸೇರಿದರೆ ಬೆರಳ ತುದಿ ಗಾಜಿನ ಹಾಗೆ ಗಟ್ಟಿಯಾಗಿ ಜಾರುತ್ತದೆ, ಆಮೇಲೆ ಗೆಣ್ಣಿನ ಗೆರೆಯಲ್ಲಿ ಸೀಳುತ್ತದೆ. ಹೀಗೆ ಜಾರುವಾಗ ಎಲ್ಲರೂ ಇನ್ನಷ್ಟು ಚಾಕ್ (ಬೆವರು ಹೀರುವ ಬಿಳಿ ಪುಡಿ) ಮೆತ್ತಿಕೊಳ್ಳುತ್ತಾರೆ. ಮಾಡಬೇಕಾದ್ದು ಅದರ ತಿರುಗಾಮುರುಗ: ಚಾಕ್ ಒರೆಸಿ ತೆಗೆದು, ಬೆರಳಿಗೆ ಬಾಯಿಂದ ಬಿಸಿ ಉಸಿರು ಊದಿ ಹಿಡಿಯಿರಿ.

ಜಡ್ಡುಗಟ್ಟಿದ ಅಂಚುಗಳನ್ನು ಪ್ರತಿ ಸಂಜೆ 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಸಮ ಮಾಡಿ. ಎದ್ದು ನಿಂತ ಅಂಚೇ ಹರಳಿಗೆ ಸಿಕ್ಕಿ ಕಿತ್ತು ಬರುವುದು. ರಾತ್ರಿ ತೆಂಗಿನೆಣ್ಣೆ ಸಾಕು, ದುಬಾರಿ ಬಾಮ್ ಬೇಕಂತಿಲ್ಲ, ಆದರೆ ಬೆಳಿಗ್ಗೆ ಸೋಪು ಹಾಕಿ ತೊಳೆಯಲೇಬೇಕು. ಎರಡು ದಿನ ಹತ್ತಿ ಒಂದು ದಿನ ರಜೆ. ಬೆರಳು ಗುಲಾಬಿ ಬಣ್ಣಕ್ಕೆ ತಿರುಗಿ ಉರಿ ಶುರುವಾದರೆ ಆ ದಿನಕ್ಕೆ ಅಷ್ಟೇ.

ಕಾಲಿನ ಮಾತೂ ಒಂದುಂಟು. ನೆಲವೆಲ್ಲ ಅದೇ ಗ್ರಾನೈಟ್ ಪುಡಿಯಾದ ಹೊಯ್ಗೆ. ಶೂ ತಳಕ್ಕೆ ನಾಲ್ಕು ಹರಳು ಅಂಟಿದರೂ ಸ್ಲ್ಯಾಬಿನಲ್ಲಿ (ಓರೆಯಾದ ಬಂಡೆ ಮುಖದಲ್ಲಿ) ಗೋಲಿಯ ಮೇಲೆ ನಿಂತ ಹಾಗಾಗುತ್ತದೆ. ಕಲ್ಲಿನ ಬುಡದಲ್ಲಿ ಹಳೆಯ ಕಾಲೊರಸು ಹಾಸಿ, ತಳ ಉಜ್ಜಿಯೇ ಹತ್ತಿ.

ಗಂಟು_ಸರಿಯಾ:

ಗ್ರೇಡಿಗೆ ಬರುವ. ಪಟ್ಟಿ ನೋಡಿದರೆ 6ಬಿ ಅಂದ್ರೆ ಅಮೆರಿಕದ ಲೆಕ್ಕದಲ್ಲಿ 5.10ಡಿ. ಅದನ್ನು ಮರೆತುಬಿಡಿ. ಅಲ್ಲಿಯ ಹಳೆಯ ರೂಟ್‌ಗಳಿಗೆ ಅಂಕ ಕೊಟ್ಟವರು ಬಿರುಕಿನಲ್ಲಿ ಕೈ ಸಿಕ್ಕಿಸಿ (ಜ್ಯಾಮ್ ಮಾಡಿ) ಹತ್ತುವುದರಲ್ಲಿ ಪಳಗಿದವರು, ಅಂಕದಲ್ಲಿ ಜಿಪುಣರು. ಸ್ಲ್ಯಾಬುಗಳ ಬೋಲ್ಟುಗಳನ್ನೂ ಕೆಳಗಿನಿಂದ ಹತ್ತುತ್ತಾ, ನಿಲ್ಲಲು ಜಾಗ ಸಿಕ್ಕಿದಲ್ಲಿ ಕೈಯಿಂದ ಕೊರೆದು ಹಾಕಿದ್ದೇ ಹೆಚ್ಚು, ಹಾಗಾಗಿ ನಡುವಿನ ಅಂತರ ದೊಡ್ಡದು. 5.6, 5.7ರಿಂದ ಶುರು ಮಾಡಿ. ಇಂಟರ್‌ಸೆಕ್ಷನ್ ರಾಕ್‌ನ ಮೈಕ್ಸ್ ಬುಕ್ಸ್ 5.6, ಓಲ್ಡ್ ವುಮನ್ ಬಂಡೆಯ ಟೋ ಜ್ಯಾಮ್ 5.7.

ಅದೇ ಓಲ್ಡ್ ವುಮನ್‌ನಲ್ಲಿ ಡಬಲ್ ಕ್ರಾಸ್ ಅಂತ 5.7+ ಉಂಟು. ನೋಡಲಿಕ್ಕೆ ಬಹಳ ಚಂದದ ನೇರ ಬಿರುಕು, ಅಪಘಾತಕ್ಕೂ ಅಷ್ಟೇ ಹೆಸರು. ಬಿರುಕು ಸಿಗುವವರೆಗಿನ ಕೆಳಭಾಗದಲ್ಲಿ ಗೇರ್ ಹಾಕಲಿಕ್ಕೆ ಸರಿಯಾದ ಜಾಗ ಇಲ್ಲ. ಅದನ್ನು ದಾಟಿದ ಗಡಿಬಿಡಿಯಲ್ಲಿ ಹಾಕಿದ ಮೊದಲ ಕ್ಯಾಮ್ ಕಿತ್ತು ಬಂದರೆ ನೇರ ನೆಲಕ್ಕೆ. ಕೈ ಜ್ಯಾಮ್ ಅಭ್ಯಾಸ ಆಗುವ ತನಕ ಅದು ಬೇಡ.

ಅಭ್ಯಾಸಕ್ಕೆ ಮನೆಯಲ್ಲೇ ಎರಡು ದಪ್ಪ ಹಲಗೆಗಳನ್ನು 5 ಸೆಂ.ಮೀ. ಅಂತರದಲ್ಲಿ ಬೋಲ್ಟ್ ಹಾಕಿ ಕಟ್ಟಿ ತೂಗಿಸಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಾಗ ಕೈ ಉಬ್ಬಿ ಕೂರಬೇಕು. ಮುರಕಲ್ಲಿನ ಕ್ವಾರಿ ಗೋಡೆಯಲ್ಲಿ ಕ್ಯಾಮ್ ಹಾಕಿ ಕಲಿಯುವ ಅಂತ ಹೊರಡಬೇಡಿ ಮಾರಾಯ್ರೆ, ಎಳೆದರೆ ಕಲ್ಲೇ ಪುಡಿಯಾಗಿ ಬರ್ತದೆ.

ಗೇರ್: ಬೆರಳು ಸೇರುವಷ್ಟರಿಂದ 3 ಇಂಚು ಬಿರುಕಿನವರೆಗೆ ಕ್ಯಾಮ್ ಒಂದು ಸೆಟ್, ಮಧ್ಯದ ಅಳತೆಗಳು ಎರಡೆರಡು, ನಟ್ (ಬಿರುಕಿಗೆ ಸಿಕ್ಕಿಸುವ ಲೋಹದ ತುಂಡು) ಒಂದು ಸೆಟ್, 60 ಸೆಂ.ಮೀ. ಸ್ಲಿಂಗ್ (ಬಟ್ಟೆಪಟ್ಟಿಯ ಕುಣಿಕೆ) ಹತ್ತು. ರೂಟ್‌ಗಳು ಹೆಚ್ಚಾಗಿ 30 ಮೀಟರಿನ ಒಳಗೆ, 60 ಮೀಟರ್ ಹಗ್ಗ ಧಾರಾಳ. ತೊಂದರೆ ಇರುವುದು ತುದಿಯಲ್ಲಿ. ಬಾದಾಮಿಯ ಹಾಗೆ ಮೇಲೆ ಎರಡು ಬೋಲ್ಟ್ ಕಾದಿರ್ತದೆ ಅಂತ ಹೋದರೆ ಹಲವು ಕಡೆ ಬರೀ ಕಲ್ಲು, ಬಿರುಕು ಸಿಗುವುದು ಅಂಚಿನಿಂದ ಎಷ್ಟೋ ಮೀಟರ್ ಹಿಂದೆ. ಟಾಪ್ ರೋಪ್ (ಮೇಲೆ ಕಟ್ಟಿ ಕೆಳಗೆ ಇಳಿಬಿಟ್ಟ ಹಗ್ಗ) ಕಟ್ಟುವುದಾದರೆ 15–20 ಮೀಟರ್ ಸ್ಟ್ಯಾಟಿಕ್ (ಹಿಗ್ಗದ) ಹಗ್ಗ ಬೇರೆಯೇ ಬೇಕು. ಹಿಗ್ಗುವ ಹಗ್ಗ ಅಲ್ಲಿಗೆ ಆಗದು. ಪ್ರತಿ ಸಲ ಭಾರ ಬಿದ್ದಾಗ ಅಂಚಿನ ಹರಳಿನ ಮೇಲೆ ಗರಗಸದ ಹಾಗೆ ಆಡಿ ತೊಗಟೆ ಹರಿಯುತ್ತದೆ. ಹಗ್ಗ ಕಟ್ಟುವ ಆಧಾರಕ್ಕೆ (ಆ್ಯಂಕರ್) ಮೂರು ಪೀಸ್, ಅಂದ್ರೆ ಕ್ಯಾಮ್ ಅಥವಾ ನಟ್, ಹಾಕಿ, ಎಳೆಗಳ ನಡುವಿನ ಕೋನ 60 ಡಿಗ್ರಿಯ ಒಳಗಿರಲಿ. 120ಕ್ಕೆ ಹೋದರೆ ಎರಡು ಎಳೆ ಇದ್ದೂ ಒಂದೊಂದರ ಮೇಲೂ ಪೂರ್ತಿ ಭಾರ. ಎಳೆಗಳೆಲ್ಲ ಸೇರುವ ಮಾಸ್ಟರ್ ಪಾಯಿಂಟ್ ಅಂಚಿನ ಕೆಳಗೆ ತೂಗಲಿ, ಲಾಕಿಂಗ್ ಕ್ಯಾರಬಿನರ್ (ಬಾಯಿ ಬಿಗಿಯುವ ಲೋಹದ ಕೊಂಡಿ) ಎರಡು, ಬಾಯಿ ವಿರುದ್ಧ ದಿಕ್ಕಿಗೆ. ಗಿಡ ಮರಗಳಿಗೆ ಆ್ಯಂಕರ್ ಕಟ್ಟುವುದು ಪಾರ್ಕಿನಲ್ಲಿ ನಿಷೇಧ. ಆ ಜೋಶುವಾ ಮರದ ಬೇರು ಹೇಗೂ ತೀರಾ ಮೇಲೆ.

ಬಿಕರ್ನಕಟ್ಟೆ_ಬೌಲ್ಡರ್:

ಕ್ಯಾಮ್ ಸೆಟ್ ಸಿಗ್ತದೆ, ಆದ್ರೆ ಎರಡು ಮಳೆಗಾಲ ಬ್ಯಾಗಿನಲ್ಲೇ ಇದ್ದದ್ದು. ಟ್ರಿಗರ್ (ಎಳೆಯುವ ಕಡ್ಡಿ) ಬಿಗಿ, ಕಲ್ಲಿಗೆ ಕಚ್ಚುವ ಲೋಬಿನ ಮೇಲೆ ಬಿಳಿ ಪುಡಿ. ಹೊಲಿಗೆ ಮೆಷಿನ್ ಎಣ್ಣೆ ಬಿಟ್ರೆ ಆಗ್ತದಾ?

ತುಕ್ಕುವೈರಿ:

ಬೇಡ. ಎಣ್ಣೆ ಬಿಟ್ಟರೆ ಇಲ್ಲಿ ಎರಡು ದಿನ ಚಂದ ಓಡ್ತದೆ, ಅಲ್ಲಿಯ ಹೊಯ್ಗೆ ಸೇರಿದ ಕೂಡಲೇ ಅರೆಯುವ ಪೇಸ್ಟ್ ಆಗ್ತದೆ. ಬಿಳಿ ಪುಡಿ ಉಪ್ಪುಗಾಳಿಗೆ ಅಲ್ಯೂಮಿನಿಯಂ ತಿಂದದ್ದು. ಉಗುರು ಬಿಸಿ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಲೋಹದ ಭಾಗ ಮಾತ್ರ ಮುಳುಗಿಸಿ ಟ್ರಿಗರನ್ನು ಮೂವತ್ತು ನಲವತ್ತು ಸಲ ಎಳೆದು ಬಿಡಿ. ಹಲ್ಲುಜ್ಜುವ ಬ್ರಷ್‌ನಲ್ಲಿ ಲೋಬುಗಳ ಸಂದಿ ಉಜ್ಜಿ. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮೇಣದ ಲೂಬ್ರಿಕೆಂಟ್, ಕ್ಯಾಮ್‌ಗೆ ಅಂತಲೇ ಬರುವಂಥದ್ದು, ಆ್ಯಕ್ಸಲ್‌ಗೆ ಒಂದೊಂದು ಹನಿ. ಸ್ಲಿಂಗಿಗೆ ತಾಗಿಸಬೇಡಿ.

ತೊಳೆದ ಮೇಲೂ ಲೋಬುಗಳು ಒಟ್ಟಿಗೆ ತಾವಾಗಿ ಹಿಂದೆ ಬಾರದಿದ್ದರೆ, ತಂತಿಯ ಒಂದೇ ಒಂದು ಎಳೆ ಕಡಿದಿದ್ದರೂ, ಲೋಬಿನಲ್ಲಿ ಗುಳಿ ಬಿದ್ದಿದ್ದರೆ ಆ ಕ್ಯಾಮ್ ಗುಜರಿಗೆ. ಸ್ಲಿಂಗಿನ ಮೇಲಿನ ತಯಾರಿಕೆಯ ವರ್ಷವನ್ನೂ ಓದಿ. ಬಳಸದೆ ಇಟ್ಟರೂ ಹತ್ತು ವರ್ಷ ದಾಟಿದ ಬಟ್ಟೆ ಬೇಡ.

ಪ್ಯಾಡ್_ಹೊರುವವ:

ಬೌಲ್ಡರಿಂಗಿಗೆ ಕೆಳಗೆ ಹಾಸುವ ಪ್ಯಾಡ್ ಇಲ್ಲಿಂದ ಬೇಡ, ವಿಮಾನದಲ್ಲಿ ಗಾತ್ರದ ತಕರಾರು. ಪಾರ್ಕಿನ ಹೊರಗೆ ಜೋಶುವಾ ಟ್ರೀ ಊರಲ್ಲೇ ಬಾಡಿಗೆಗೆ ಸಿಗುತ್ತದೆ. ಇಬ್ಬರಿಗೆ ಮೂರು ತಗೊಳ್ಳಿ. ಚಾಕ್ ಚೆಕ್-ಇನ್ ಬ್ಯಾಗಿಗೆ ಹಾಕಿ. ಅಮೆರಿಕದ ವಿಮಾನಕ್ಕೆ 350 ಮಿ.ಲೀ.ಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗ್ಯಾಸ್ ಕ್ಯಾನ್ ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ.

ಬೌಲ್ಡರಿಂಗಿಗೆ ಮೊದಲು ಬಾರ್ಕರ್ ಡ್ಯಾಮ್ ಕಡೆಯ ಗನ್‌ಸ್ಮೋಕ್. ವಿ3 ಟ್ರಾವರ್ಸ್ (ಅಡ್ಡಕ್ಕೆ ಸಾಗುವುದು), ನೆಲ ಹತ್ತಿರ, ಉದ್ದ ಜಾಸ್ತಿ. ಚರ್ಮ ತಿನ್ನುತ್ತದೆ, ದಿನಕ್ಕೆ ಎರಡು ಮೂರು ಸಲ ಸಾಕು. ವೈಟ್ ರಾಸ್ತಫೇರಿಯನ್ ಅಂಕದಲ್ಲಿ ಕಡಿಮೆ, ಎತ್ತರದಲ್ಲಿ ಅಲ್ಲ. ಯಾವ ಬಂಡೆಗೇ ಆಗಲಿ, ಇಳಿಯುವ ದಾರಿ ನೋಡಿಯೇ ಹತ್ತಿ. ಮೇಲೆ ನಿಂತ ಮೇಲೆ ಹುಡುಕಿದರೆ ಕೆಲವಕ್ಕೆ ಸುಲಭದ ದಾರಿಯೇ ಇಲ್ಲ.

ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಮಣ್ಣಿನ ಹೊರಪದರ ಜೀವಂತ, ಅದರ ಮೇಲೆ ಪ್ಯಾಡ್ ಹಾಕಬಾರದು. ಬರಿ ಹೊಯ್ಗೆ ಇರುವಲ್ಲಿ ಹಾಕಿ. ಎತ್ತಿಕೊಳ್ಳುವಾಗ ಅಡಿಭಾಗ ನೋಡಿ, ಚೋಯಾ ಕಳ್ಳಿಯ ಮುಳ್ಳು ಅಂಟಿದ್ದರೆ ಬೆನ್ನಿಗೇ ಇಳಿಯುತ್ತದೆ. ಕೈಯಲ್ಲಿ ಕೀಳಬೇಡಿ, ಬಾಚಣಿಗೆಯಿಂದ ಹಾರಿಸಿ.

ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್, ಹೊರಗಿನಿಂದಲೇ ತುಂಬಿಸಿಕೊಂಡು ಹೋಗಬೇಕು. ಹಿಡನ್ ವ್ಯಾಲಿ ಕ್ಯಾಂಪಿನಲ್ಲಿ ನಲ್ಲಿ ಇಲ್ಲ, ಮೊದಲು ಬಂದವರಿಗೆ ಜಾಗ. ಸುಮಾರು 1,280 ಮೀಟರ್ ಎತ್ತರದ ಜಾಗ ಅದು, ಡಿಸೆಂಬರ್ ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುವಷ್ಟು ಚಳಿ. ಬೆಳಿಗ್ಗೆ ಬಿಸಿಲು ಬೀಳುವ ಪೂರ್ವ, ದಕ್ಷಿಣದ ಮುಖಗಳನ್ನೇ ಆರಿಸಿಕೊಳ್ಳಿ. ಸಂಜೆ ನಾಲ್ಕೂವರೆ ದಾಟುವಾಗ ಸೂರ್ಯ ಮುಳುಗಿಯಾಯಿತು, ಹೆಡ್‌ಲ್ಯಾಂಪ್ ಸೊಂಟದಲ್ಲೇ ಇರಲಿ. ಪಾರ್ಕಿನ ಒಳಗೆ ಮೊಬೈಲ್ ಹೆಚ್ಚುಕಡಿಮೆ ಸತ್ತ ಹಾಗೆ. ಇಂಟರ್‌ಸೆಕ್ಷನ್ ರಾಕ್ ಪಾರ್ಕಿಂಗ್‌ನಲ್ಲಿ ತುರ್ತು ಫೋನ್ ಉಂಟು, ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಬಿಕರ್ನಕಟ್ಟೆ_ಬೌಲ್ಡರ್:

ಜ್ಯಾಮ್‌ಗೆ ಕೈಗೆ ಸುತ್ತುವ ಟೇಪ್ ಇಲ್ಲಿ ಸಿಗ್ತದಾ, ಅಲ್ಲಿಂದಲೇ ತಗೊಳ್ಳುವುದಾ?

ಚಾಕ್‌ಡಬ್ಬಿ_ಉಡುಪಿ:

ಹಂಪನಕಟ್ಟೆಯ ಯಾವ ಮೆಡಿಕಲಿನಲ್ಲೂ ಜಿಂಕ್ ಆಕ್ಸೈಡ್ ಟೇಪ್ ಅಂತ ಕೇಳಿ. 5 ಸೆಂ.ಮೀ. ಅಗಲದ್ದು ತಂದು ಉದ್ದಕ್ಕೆ ಹರಿದುಕೊಳ್ಳಿ. ಅಂಗೈ ಖಾಲಿ ಬಿಟ್ಟು ಬೆನ್ಗೈ, ಗೆಣ್ಣು ಮಾತ್ರ ಮುಚ್ಚಬೇಕು. ಮುಷ್ಟಿ ಹಿಡಿದು ಸುತ್ತಿ, ಕೈ ಚಾಚಿ ಸುತ್ತಿದರೆ ಜ್ಯಾಮ್ ಮಾಡುವಾಗ ರಕ್ತ ಕಟ್ಟುತ್ತದೆ. ಸಂಜೆ ಮಣಿಕಟ್ಟಿನ ಒಳಬದಿಯಲ್ಲಿ ಕತ್ತರಿಸಿ ಬಿಚ್ಚಿದರೆ ಗ್ಲೌಸಿನ ಹಾಗೆ ನಾಳೆಗೂ ಆಗ್ತದೆ.