ಆರ್ಥೊಡಾಕ್ಸ್ ಚರ್ಚ್ ಪಕ್ಕ ಸಮುದಾಯ ಭವನ: ಯಾವ ದಿಕ್ಕು, ಎಷ್ಟು ಅಂತರ?

ಪ್ರಶ್ನೆ: ಹಳೆಯ ಕಲ್ಲಿನ ಚರ್ಚ್. ಪಕ್ಕದಲ್ಲಿ 120 ಜನ ಕೂತು ಊಟ ಮಾಡುವ ಭವನ ಬೇಕು. ಪೂರ್ವಕ್ಕೆ ಜಾಗ ಧಾರಾಳವಾಗಿದೆ, ಅಲ್ಲೇ ಕಟ್ಟಬಹುದೇ?

ಉತ್ತರ 1: ಪೂರ್ವ ಬೇಡ. ಬಲಿಪೀಠ ಆ ಕಡೆಯೇ ಇರುತ್ತದೆ, ಬೆಳಗಿನ ಬೆಳಕು ತಪ್ಪುತ್ತದೆ. ಈಸ್ಟರ್ ರಾತ್ರಿ ಮೆರವಣಿಗೆ ಚರ್ಚನ್ನು ಸುತ್ತುವುದರಿಂದ ನಾಲ್ಕೂ ಬದಿಗೆ 3 ಮೀಟರಾದರೂ ಮೆಟ್ಟಿಲಿಲ್ಲದ ದಾರಿ ಬಿಡಿ. ಭವನದ ಸೂರು ಚರ್ಚಿನದಕ್ಕಿಂತ ತಗ್ಗಿರಲಿ.

ಉತ್ತರ 2: ತಲೆಗೆ 1.4 ಚದರ ಮೀಟರ್ ಹಿಡಿದರೆ ಊಟದ ಹಜಾರಕ್ಕೇ ಸುಮಾರು 170 ಚದರ ಮೀಟರ್ ಬೇಕು. ಅಡುಗೆಮನೆ, ಉಗ್ರಾಣ ಬೇರೆ. ಹೊಗೆ ಕೊಳವೆ ಚರ್ಚಿನತ್ತ ಬೇಡ.

ಉತ್ತರ 3: ಪಾಯದ ಮಾತೇ ಬರಲಿಲ್ಲವಲ್ಲ! ಚರ್ಚಿನ ಗೋಡೆ ಪಕ್ಕ ಅದರ ಪಾಯದ ತಳಕ್ಕಿಂತ ಆಳ ಅಗೆದರೆ ಮಣ್ಣು ಜರುಗಿ ಕಮಾನುಗಳು ಬಿರುಕು ಬಿಡಬಹುದು. ಮೊದಲು ಪರೀಕ್ಷಾ ಗುಂಡಿ ತೋಡಿ ತಳ ಅಳೆಯಿರಿ. ಸುತ್ತ ಹಳೆಯ ಸಮಾಧಿಗಳೂ ಸಿಗಬಹುದು.