ನಗದು ಬಿಟ್ಟು ಕಾರ್ಡು, ಫೋನು ಹಿಡಿದರೆ ಯಾರ ಕೈಗೆ ಏನೇನು ಹೋಗುತ್ತದೆ?

ಚಿಲ್ಲರೆಗಂಟು ಕೇಳಿದ್ದು:

ನೋಟು ಕೊಟ್ಟು ಸಾಮಾನು ತಂದರೆ ಆ ಸಂಗತಿ ಕೊಟ್ಟವರಿಗೂ ಪಡೆದವರಿಗೂ ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ. ಕಾರ್ಡಿನಲ್ಲಿ ಹಾಗಲ್ಲ, ಅಷ್ಟು ಗೊತ್ತು. ಅದರಾಚೆಗೆ ಒಬ್ಬರು "ಎಲ್ಲವೂ ಹೋಗುತ್ತದೆ" ಅನ್ನುತ್ತಾರೆ, ಇನ್ನೊಬ್ಬರು "ಈಗೆಲ್ಲ ಟೋಕನ್, ಅಂದರೆ ಅಸಲಿ ಕಾರ್ಡ್ ಸಂಖ್ಯೆಯ ಬದಲಿಗೆ ಬೇರೊಂದು ಸಂಖ್ಯೆ, ಏನೂ ಹೋಗಲ್ಲ" ಅನ್ನುತ್ತಾರೆ. ಒಳಗಿನ ವ್ಯವಸ್ಥೆ ಬಲ್ಲವರು ಬಿಡಿಸಿ ಹೇಳಿ.

ಬ್ಯಾಂಕಿಗೆ ಸಿಗುವುದು ಕೊಂಡ ವಸ್ತುಗಳ ಪಟ್ಟಿಯೋ, ಬರೀ ಮೊತ್ತವೋ? ಫೋನ್ ತಾಗಿಸಿ ಕೊಟ್ಟರೆ ಅಸಲಿ ಕಾರ್ಡ್ ಸಂಖ್ಯೆ ಅಂಗಡಿಗೆ ಹೋಗುವುದಿಲ್ಲವಂತೆ. ಹಾಗಿದ್ದರೆ ಅವರಿಗೆ ಗಿರಾಕಿಯ ಗುರುತು ಹತ್ತುವುದಿಲ್ಲ ಅಂತಲೇ? ಹೆಸರು ತೆಗೆದು ದತ್ತಾಂಶ ಹಂಚಿಕೊಳ್ಳುತ್ತೇವೆ ಎಂದು ಷರತ್ತುಗಳಲ್ಲಿ ಬರೆದಿರುತ್ತಾರೆ. ಹೆಸರೇ ಇಲ್ಲದ ಮೇಲೆ ತೊಂದರೆ ಏನು?

"ತಪ್ಪು ಮಾಡದವರಿಗೆ ಭಯವೇಕೆ" ಅನ್ನುವ ವಾದ ಇಲ್ಲಿ ಬೇಡ, ದಯವಿಟ್ಟು.

---

ತಾಳೆಪಟ್ಟಿ:

ಮೊದಲ ಪ್ರಶ್ನೆಗೆ ಉತ್ತರ: ಸಾಮಾನ್ಯವಾಗಿ ಪಟ್ಟಿ ಹೋಗುವುದಿಲ್ಲ. ಅಂಗಡಿಯ ಯಂತ್ರದಿಂದ ಹೊರಡುವ ಸಂದೇಶಕ್ಕೆ ಹೆಚ್ಚಿನ ಕಡೆ ಐಎಸ್‌ಒ 8583 ಎಂಬ ನಿಗದಿತ ರೂಪ ಇದೆ. ಅದರಲ್ಲಿ ಎಲ್ಲವೂ ಸಂಖ್ಯೆ ಹಾಕಿದ ಖಾನೆಗಳು. 2ರಲ್ಲಿ ಕಾರ್ಡ್ ಸಂಖ್ಯೆ, 4ರಲ್ಲಿ ಮೊತ್ತ, 7ರಲ್ಲಿ ದಿನ ಮತ್ತು ಸಮಯ, 18ರಲ್ಲಿ ವ್ಯಾಪಾರದ ಬಗೆ ಹೇಳುವ 4 ಅಂಕಿಯ ಸಂಕೇತ, 41ರಲ್ಲಿ ಯಂತ್ರದ ಗುರುತು, 42ರಲ್ಲಿ ವ್ಯಾಪಾರಿಯ ಗುರುತು, 43ರಲ್ಲಿ ಅಂಗಡಿಯ ಹೆಸರು ಮತ್ತು ಊರು. ಬಿಲ್ಲಿನ ಒಂದೊಂದು ಸಾಲನ್ನೂ ಕಳಿಸುವ ವ್ಯವಸ್ಥೆಯೂ ಉಂಟು. ಆದರೆ ಅದು ಮುಖ್ಯವಾಗಿ ಕಂಪನಿ ಮತ್ತು ಸರ್ಕಾರಿ ಖರೀದಿಯ ಕಾರ್ಡುಗಳಿಗೆ.

ಪಟ್ಟಿ ಇಲ್ಲ ಅಂತ ನೆಮ್ಮದಿಯಾಗಿರುವಂತೆಯೂ ಇಲ್ಲ. 18ನೇ ಖಾನೆಯ ಆ 4 ಅಂಕಿಗಳೇ ಬಹಳ ಮಾತಾಡುತ್ತವೆ. 8011 ವೈದ್ಯರು, 5912 ಔಷಧಿ ಅಂಗಡಿ, 5813 ಬಾರು, 7995 ಜೂಜು. ಒಂದು ದಿನ 8011, ಅರ್ಧ ಗಂಟೆಯಲ್ಲಿ 5912, ಆಮೇಲೆ ತಿಂಗಳಿಗೊಮ್ಮೆ ಅದೇ ಮೊತ್ತಕ್ಕೆ 5912 ಬಂತು ಅಂದರೆ, ಮಾತ್ರೆಯ ಹೆಸರು ತಿಳಿಯದಿದ್ದರೂ ದೀರ್ಘಕಾಲದ ಕಾಯಿಲೆ ಎಂದು ಊಹಿಸುವುದು ಕಷ್ಟವಲ್ಲ. ಇದರ ತಿರುಗುಮುರುಗು ಅಪಾಯವೂ ಇದೆ. ಈ ಸಂಕೇತ ಕೊಡುವುದು ಅಂಗಡಿಯ ಮುಖ್ಯ ವ್ಯಾಪಾರ ನೋಡಿ, ನೀವು ಕೊಂಡದ್ದನ್ನು ನೋಡಿ ಅಲ್ಲ. ಬಾರು ಎಂದು ದಾಖಲಾದ ಕಡೆ ಊಟ ಮಾತ್ರ ಮಾಡಿ ಬಂದರೂ ನಿಮ್ಮ ಲೆಕ್ಕದಲ್ಲಿ ಕೂರುವುದು 5813. ಸಾಲ ಕೊಡುವವರ ಯಂತ್ರ ಅದನ್ನೇ ಓದಿದರೆ, ಹಾಗಲ್ಲ ಎಂದು ಹೇಳಲು ನಿಮ್ಮನ್ನು ಯಾರೂ ಕರೆಯುವುದಿಲ್ಲ.

ಇನ್ನೊಂದು ಮಾತು: ಆ್ಯಪ್‌ನಲ್ಲಿ "ಇತಿಹಾಸ ಅಳಿಸಿ" ಒತ್ತಿದರೆ ಅಳಿಯುವುದು ನಿಮ್ಮ ಪರದೆಯ ಮೇಲಿನದು ಮಾತ್ರ. ಕಪ್ಪುಹಣ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ 11ನೇ ಶಿಫಾರಸಿನಂತೆ ಹಣಕಾಸು ಸಂಸ್ಥೆಗಳು ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ನೀವು ಕೇಳಿಕೊಂಡರೂ ಅವರು ಅಳಿಸುವ ಹಾಗಿಲ್ಲ.

---

ಬೀಗದಕೈ:

ಎರಡನೆಯದು ನನ್ನ ಪಾಲಿಗಿರಲಿ. ಟೋಕನ್ ಬಂದದ್ದು ಕಳ್ಳತನ ತಡೆಯಲು, ಗುರುತು ಮರೆಸಲು ಅಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ.

ಫೋನಿಗೆ ಕಾರ್ಡ್ ಸೇರಿಸಿದಾಗ ಆ ಸಾಧನಕ್ಕೆಂದೇ ಬೇರೊಂದು ಸಂಖ್ಯೆ ಹುಟ್ಟುತ್ತದೆ, ಅದೇ ಟೋಕನ್. ಪ್ರತಿ ಪಾವತಿಗೂ ಬದಲಾಗುವುದು ಅದರ ಜೊತೆಗಿನ ಗೂಢಸಂಕೇತ ಮಾತ್ರ. ಸಂಖ್ಯೆ ಅದೇ ಉಳಿಯುತ್ತದೆ, ಎಲ್ಲಾ ಅಂಗಡಿಗಳಲ್ಲೂ ಅದೇ. ಹಾಗಾಗಿ "ಕಳೆದ ವಾರ ಬಂದವರೇ ಇವತ್ತೂ ಬಂದಿದ್ದಾರೆ" ಎಂದು ಅಂಗಡಿಯ ಗಣಕ ಸಲೀಸಾಗಿ ಹೇಳಬಲ್ಲದು. ಒಮ್ಮೆ ಬಿಲ್ ಕಳಿಸಲು ಮೊಬೈಲ್ ಸಂಖ್ಯೆ ಕೊಟ್ಟಿರೋ, ಹಿಂದಿನ ಮುಂದಿನ ಭೇಟಿಗಳೆಲ್ಲ ಆ ಸಂಖ್ಯೆಗೆ ಅಂಟಿಕೊಳ್ಳುತ್ತವೆ.

ಒಂದು ದಿನ ಫೋನ್, ಇನ್ನೊಂದು ದಿನ ಕಾರ್ಡ್ ಬಳಸಿ ತಪ್ಪಿಸಿಕೊಳ್ಳಬಹುದೇ? ಅದಕ್ಕೂ ಗಂಟು ಹಾಕಿದ್ದಾರೆ. ಪಿಎಆರ್ ಅಂತ 29 ಅಕ್ಷರಗಳ ಒಂದು ಗುರುತು ಇದೆ. ಒಂದು ಕಾರ್ಡ್ ಸಂಖ್ಯೆಗೆ ಒಂದೇ ಪಿಎಆರ್, ಅದರಿಂದ ಹುಟ್ಟಿದ ಎಲ್ಲಾ ಟೋಕನ್‌ಗಳಿಗೂ ಅದೇ. ಅದನ್ನು ಹಿಡಿದು ಹಣ ಎತ್ತಲಾಗದು. ಹಣ ವಾಪಸಾತಿ, ವಂಚನೆ ಪತ್ತೆ, ನಿಷ್ಠಾ ಅಂಕಗಳ (ಲಾಯಲ್ಟಿ ಪಾಯಿಂಟ್) ಲೆಕ್ಕಕ್ಕೆಂದು ಮಾಡಿದ್ದು. ಆದರೆ ಬೇರೆ ಬೇರೆ ಟೋಕನ್‌ಗಳ ಹಿಂದೆ ಇರುವವರು ಒಬ್ಬರೇ ಎಂದು ತಿಳಿಯಲು ಅದಷ್ಟೇ ಸಾಕು. ಅದು ಎಲ್ಲಾ ವಹಿವಾಟಿನಲ್ಲೂ ಅಂಗಡಿಯವರೆಗೆ ಬರುತ್ತದೆ ಅಂತಲ್ಲ. ಬರುವ ದಾರಿಯಂತೂ ಇದೆ.

"ನಾವು ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವುದಿಲ್ಲ, ಅದರ ಹ್ಯಾಶ್ ಮಾತ್ರ" ಅನ್ನುವವರೂ ಇದ್ದಾರೆ. ಹ್ಯಾಶ್ ಅಂದರೆ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆದ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಗುರುತು. ಲೆಕ್ಕ ಹಾಕಿ ನೋಡಿ. 16 ಅಂಕಿಯಲ್ಲಿ ಮೊದಲ 6 ಬ್ಯಾಂಕನ್ನು ತೋರಿಸುವ ಅಂಕಿಗಳು, ಗುಟ್ಟೇನಲ್ಲ. ಕೊನೆಯ 4 ರಸೀದಿಯ ಮೇಲೇ ಇರುತ್ತವೆ. ಉಳಿದದ್ದು 6 ಅಂಕಿ, ಅಂದರೆ 10 ಲಕ್ಷ ಸಾಧ್ಯತೆ. ಕಾರ್ಡ್ ಸಂಖ್ಯೆ ತಪ್ಪಿದೆಯೇ ಎಂದು ನೋಡುವ ಲೂನ್ ತಪಾಸಣೆಗೆ ಸರಿಹೊಂದುವವು ಅದರಲ್ಲಿ ಹತ್ತನೇ ಒಂದು, 1 ಲಕ್ಷ. ಅಷ್ಟಕ್ಕೂ ಹ್ಯಾಶ್ ಮಾಡಿ ಹೋಲಿಸಲು ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಸೆಕೆಂಡೂ ಹಿಡಿಯದು. ಕಾರ್ಡ್ ದತ್ತಾಂಶದ ಸುರಕ್ಷತೆಗೆಂದಿರುವ ಪಿಸಿಐ ಡಿಎಸ್‌ಎಸ್ ನಿಯಮಾವಳಿ 4.0ನೇ ಆವೃತ್ತಿಯಿಂದ ಗುಪ್ತ ಕೀಲಿ ಬೆರೆಸಿದ ಹ್ಯಾಶೇ ಬೇಕು ಎಂದು ಪಟ್ಟು ಹಿಡಿದಿರುವುದು ಇಂಥ ಕಾರಣಕ್ಕೇ.

---

ಎಣಿಕೆಮನೆ:

ಮೂರನೆಯದಕ್ಕೆ ಅಂಕಿಅಂಶ ಇದೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, 11 ಲಕ್ಷ ಜನರ 3 ತಿಂಗಳ ಕಾರ್ಡ್ ವಹಿವಾಟುಗಳನ್ನು ತೆಗೆದುಕೊಂಡಿತು. ಹೆಸರಿಲ್ಲ, ಕಾರ್ಡ್ ಸಂಖ್ಯೆಯಿಲ್ಲ; ಯಾವ ದಿನ, ಯಾವ ಅಂಗಡಿ, ಅಷ್ಟೇ. ಅಂಥ 4 ಬಿಂದುಗಳು ಗೊತ್ತಿದ್ದರೆ ಶೇ. 90 ಜನರನ್ನು ಆ ರಾಶಿಯಲ್ಲಿ ಒಂಟಿಯಾಗಿ ಎತ್ತಿ ತೋರಿಸಬಹುದಿತ್ತು. ಅಂದಾಜು ಬೆಲೆಯೂ ತಿಳಿದಿದ್ದರೆ ಗುರುತು ಸಿಗುವ ಅಪಾಯ ಸರಾಸರಿ ಶೇ. 22ರಷ್ಟು ಏರಿತು.

ಈ 4 ಬಿಂದುಗಳನ್ನು ಹುಡುಕಲು ಪತ್ತೇದಾರರೇ ಆಗಬೇಕಿಲ್ಲ. ಜಾಲತಾಣಕ್ಕೆ ಹಾಕಿದ ಎರಡು ಚಿತ್ರ, ಮೇಜಿನ ಮೇಲೆ ಬಿಟ್ಟ ರಸೀದಿ, ಸಹೋದ್ಯೋಗಿಯ ನೆನಪು. 4 ಸಿಕ್ಕಿದವು ಅಂದರೆ ಉಳಿದ ಸಾಲುಗಳೆಲ್ಲವೂ ನಿಮ್ಮವೇ ಎಂದಾಯಿತು. ಹೆಸರು ತೆಗೆಯುವುದು ಮನೆಯ ನಾಮಫಲಕ ಕಿತ್ತ ಹಾಗೆ. ಅಂಚೆಯವರಿಗೆ ಮನೆ ಗೊತ್ತು.

---

ಚಿಲ್ಲರೆಗಂಟು:

ಸರಿ, ಹೆದರಿಸಿದ್ದಾಯಿತು. ಪೂರ್ತಿ ನಗದಿಗೆ ಮರಳುವುದು ಆಗದ ಮಾತು. ಮಾಡಬಹುದಾದ್ದು ಏನಿದೆ?

---

ಬೀಗದಕೈ:

ಮೊದಲು ಯಾರಿಂದ ಮರೆಸಬೇಕು ಅನ್ನುವುದನ್ನು ತೀರ್ಮಾನಿಸಿ. ಒಂದೇ ಉಪಾಯ ಎಲ್ಲರಿಂದಲೂ ಕಾಯುವುದಿಲ್ಲ.

ಅಂತರ್ಜಾಲದ ಅಂಗಡಿಗಳಿಂದಾದರೆ ವರ್ಚುವಲ್ ಕಾರ್ಡ್, ಅಂದರೆ ಪ್ಲಾಸ್ಟಿಕ್ ಇಲ್ಲದ ಬರೀ ಸಂಖ್ಯೆಯ ಕಾರ್ಡ್; ಅಂಗಡಿಗೊಂದು ಸಂಖ್ಯೆ. ಅವರ ದತ್ತಾಂಶ ಸೋರಿದರೂ ಇನ್ನೊಂದು ಅಂಗಡಿಯ ದತ್ತಾಂಶದ ಜೊತೆ ಕಾರ್ಡ್ ಸಂಖ್ಯೆಯ ಮೂಲಕ ತಾಳೆ ಹಾಕಲಾಗದು. ಎರಡೂ ಕಡೆ ಒಂದೇ ಇಮೇಲ್, ಒಂದೇ ಮೊಬೈಲ್ ಕೊಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು. ನಿಮ್ಮ ಬ್ಯಾಂಕಿಗೆ ಮಾತ್ರ ಇದೆಲ್ಲ ಎಂದಿನಂತೆ ಕಾಣುತ್ತಲೇ ಇರುತ್ತದೆ.

ಫೋನಿನಲ್ಲಿರುವ ಇತರ ಆ್ಯಪ್‌ಗಳಿಂದಾದರೆ ಎಸ್‌ಎಂಎಸ್ ಅನುಮತಿಯನ್ನು ನೋಡಿ. ಕಾರ್ಡಿನ ಚಿಪ್ ಅನ್ನು ಯಾರೋ ಓದಿಬಿಡುತ್ತಾರೆಂದು ಜನ ಲೋಹದ ಕವಚ ಕೊಳ್ಳುತ್ತಾರೆ, ಆ ಚಿಪ್ ಓದಲು ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ಆದರೆ ಬ್ಯಾಂಕಿನ ಪ್ರತಿ ಸಂದೇಶವನ್ನೂ ಓದಲು ಯಾವುದೋ ಆಟದ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿರುತ್ತಾರೆ! ಮೊತ್ತ, ಅಂಗಡಿ, ಉಳಿದ ಹಣ ಎಲ್ಲವೂ ಆ ಸಂದೇಶದಲ್ಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಅನುಮತಿಗಳ ಪಟ್ಟಿಯಲ್ಲಿ ಎಸ್‌ಎಂಎಸ್ ತೆರೆದು, ಸಂದೇಶದ ಆ್ಯಪ್ ಬಿಟ್ಟು ಉಳಿದವುಗಳಿಗೆ ಕತ್ತರಿ ಹಾಕಿ. ಬಳಿಕ ಪಾವತಿ ಆ್ಯಪ್‌ನ ಸಂಪರ್ಕ ಮತ್ತು ಸ್ಥಳದ ಅನುಮತಿ ತೆಗೆದು ನೋಡಿ. ಕೆಲವು ಆ್ಯಪ್‌ಗಳು ಅವಿಲ್ಲದೆ ಮುಷ್ಕರ ಹೂಡುತ್ತವೆ, ಅದೂ ಒಂದು ಮಾಹಿತಿಯೇ.

ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸುವಾಗ "ಟಿಪ್ಪಣಿ" ಖಾನೆಯನ್ನು ಖಾಲಿ ಬಿಡಿ ಅಥವಾ ನೀರಸವಾದದ್ದು ಬರೆಯಿರಿ. ತಮಾಷೆಗೆ ಬರೆದದ್ದೂ ದಾಖಲೆಯಲ್ಲಿ ಉಳಿಯುತ್ತದೆ.

---

ಹಳೇನೋಟು:

ನಗದನ್ನು ದೇವರ ಪಟ್ಟಕ್ಕೆ ಏರಿಸಬೇಡಿ. ಎಟಿಎಂನಲ್ಲಿ ಎಷ್ಟು, ಎಲ್ಲಿ, ಯಾವಾಗ ತೆಗೆದಿರಿ ಎಂಬುದು ದಾಖಲಾಗಿದೆ. ನೋಟು ಕೊಟ್ಟು ಅದರ ಜೊತೆಗೇ ನಿಷ್ಠಾ ಕಾರ್ಡ್ ಉಜ್ಜಿದರೆ ಬ್ಯಾಂಕಿಗೂ ಸಿಗದ ವಸ್ತುಗಳ ಪಟ್ಟಿ ಅಂಗಡಿಗೆ ನಿಮ್ಮ ಹೆಸರಿನಲ್ಲೇ ಸಿಕ್ಕಿತು.

ಈ ಎಳೆಯಲ್ಲಿ ಇನ್ನೇನು ಯಾರಾದರೂ ಬಿಟ್‌ಕಾಯಿನ್ ಅನ್ನುತ್ತಾರೆ, ಮುಂಚೆಯೇ ಹೇಳಿಬಿಡುತ್ತೇನೆ: ಅದರ ಲೆಕ್ಕದ ಪುಸ್ತಕ 2009ರ ಜನವರಿಯಿಂದ ಇಂದಿನವರೆಗೆ ಜಗತ್ತಿಗೇ ತೆರೆದಿದೆ. ವಿಳಾಸ ನಿಮ್ಮದೆಂದು ಒಮ್ಮೆ ಗೊತ್ತಾದರೆ ಆ ವಿಳಾಸದ ಹಳೆಯ ವಹಿವಾಟೂ ಬಯಲು. ಬ್ಯಾಂಕಿನ ದಾಖಲೆಯೇ ಅದಕ್ಕಿಂತ ಗುಟ್ಟು.

ನಿಜವಾಗಿ ನಗದಿನ ಗುಣವಿರುವ ಎಲೆಕ್ಟ್ರಾನಿಕ್ ಹಣ ಅಸಾಧ್ಯವೇನಲ್ಲ. ಗೂಢಲಿಪಿ ತಜ್ಞ ಡೇವಿಡ್ ಚಾಮ್ 1982ರಲ್ಲೇ ಕುರುಡು ಸಹಿಯ ವಿಧಾನ ಮಂಡಿಸಿದ್ದರು. ಕಾರ್ಬನ್ ಹಚ್ಚಿದ ಲಕೋಟೆಯಲ್ಲಿ ಚೀಟಿ ಇಟ್ಟು ಬ್ಯಾಂಕಿನಿಂದ ಹೊರಗಡೆ ಸಹಿ ಹಾಕಿಸಿದಂತೆ: ಸಹಿ ಒಳಗಿನ ಚೀಟಿಗೂ ಮೂಡುತ್ತದೆ, ಚೀಟಿಯ ಸಂಖ್ಯೆ ಮಾತ್ರ ಬ್ಯಾಂಕಿಗೆ ಕಾಣುವುದಿಲ್ಲ. ಆ ಚೀಟಿ ಅಂಗಡಿಯ ಮೂಲಕ ಬ್ಯಾಂಕಿಗೆ ಮರಳಿದಾಗ ಸಹಿ ತಮ್ಮದೇ ಎಂದು ಗೊತ್ತಾಗುತ್ತದೆ, ಯಾರಿಗೆ ಕೊಟ್ಟಿದ್ದೆಂದು ಗೊತ್ತಾಗದು. ಅದೇ ಚೀಟಿಯನ್ನು ಎರಡು ಸಲ ಖರ್ಚು ಮಾಡಿದರೆ? 1988ರಲ್ಲಿ ಚಾಮ್, ಅಮೋಸ್ ಫಿಯಾಟ್, ಮೋನಿ ನವೊರ್ ಎಂಬ ಸಂಶೋಧಕರು ಅದಕ್ಕೂ ದಾರಿ ತೋರಿಸಿದರು: ಒಂದು ಸಲ ಬಳಸಿದಾಗ ಗುರುತಿನ ಒಂದು ತುಣುಕಷ್ಟೇ ಸಿಗುತ್ತದೆ, ಅದರಿಂದ ಯಾರೆಂದು ತಿಳಿಯದು; ಎರಡನೇ ಸಲ ಬಳಸಿದರೆ ಎರಡೂ ತುಣುಕು ಸೇರಿ ಗುರುತು ಹೊರಬೀಳುತ್ತದೆ. ಚಾಮ್ 1989ರಲ್ಲಿ ಕಟ್ಟಿದ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾಯಿತು. ಗಣಿತ ಸೋತದ್ದಲ್ಲ, ಕೊಳ್ಳುವವರು ಬರಲಿಲ್ಲ. ಈಗ ಗ್ನೂ ಟೇಲರ್ ಎಂಬ ಪಾವತಿ ತಂತ್ರಾಂಶ ಅದೇ ದಾರಿಯಲ್ಲಿದೆ. ಕೊಡುವವರ ಗುರುತು ಮುಚ್ಚಿರುತ್ತದೆ, ಪಡೆಯುವ ವ್ಯಾಪಾರಿಯ ಆದಾಯ ತೆರಿಗೆಗೆ ಕಾಣುತ್ತದೆ.

ಹಾಗಾಗಿ "ಎಲೆಕ್ಟ್ರಾನಿಕ್ ಅಂದಮೇಲೆ ದಾಖಲೆ ಇದ್ದೇ ಇರುತ್ತದೆ" ಅನ್ನುವುದು ತಂತ್ರಜ್ಞಾನದ ನಿಯಮವಲ್ಲ, ಕಟ್ಟಿದವರ ಆಯ್ಕೆ.

---

ತಾಳೆಪಟ್ಟಿ:

ಒಪ್ಪಿದೆ. ಆದರೆ ದಾಖಲೆಯಿಂದ ಲಾಭವೂ ಇದೆ: ಬಾರದ ಸರಕಿಗೆ ತಕರಾರು ಹೂಡಿ ಕಾರ್ಡಿನ ಹಣ ವಾಪಸ್ ಪಡೆಯಬಹುದು. ನಗದಿನಲ್ಲಿ ರಸೀದಿ ಕಳೆದರೆ ಕತೆ ಮುಗಿಯಿತು.

ಬೀಗದಕೈ ಅವರ ವರ್ಚುವಲ್ ಕಾರ್ಡ್ ಸಲಹೆಗೆ ಒಂದು ಸೇರ್ಪಡೆ. ಸರಕು ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಆ ಸಂಖ್ಯೆಯನ್ನು ರದ್ದು ಮಾಡಬೇಡಿ. ಅಂಗಡಿಯವರು ಹಣ ಹಿಂತಿರುಗಿಸುವುದು ಅದೇ ಸಂಖ್ಯೆಗೆ. ಅದು ಸತ್ತಿದ್ದರೆ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಕೆಲಸ ನಿಮ್ಮ ತಲೆಗೆ. ಹಾಗೆಯೇ ತಾಗಿಸಿ ಒಳಹೋಗಿ ತಾಗಿಸಿ ಹೊರಬರುವ ರೈಲು ನಿಲ್ದಾಣಗಳಲ್ಲಿ ಒಳಗೆ ಫೋನ್, ಹೊರಗೆ ಕಾರ್ಡ್ ಮಾಡಬೇಡಿ. ಎರಡನ್ನೂ ಒಬ್ಬರದೇ ಎಂದು ತಾಳೆ ಹಾಕದ ಗೇಟು ಎರಡು ಅರ್ಧ ಪ್ರಯಾಣ ಎಂದು ಬಗೆದು, ಎರಡಕ್ಕೂ ಗರಿಷ್ಠ ದರ ಹಿಡಿಯಬಹುದು.